ತೇಲುವುದು, ಮುಳುಗುವುದು: ತಕ್ಕಡಿ, ಬೇಸಿನ್, ಉಪ್ಪು ಇಟ್ಟುಕೊಂಡು ನೀವೇ ಮಾಡಿ ನೋಡುವ ಸಮಗ್ರ ಮಾರ್ಗದರ್ಶಿ

ಬಾವಿಯಲ್ಲಿ ನೀರು ಸೇದಿದವರಿಗೆಲ್ಲ ಇದು ಗೊತ್ತಿರುತ್ತದೆ. ತುಂಬಿದ ಕೊಡ ನೀರೊಳಗೆ ಇರುವ ತನಕ ಹಗ್ಗ ಹಗುರ. ಎಳೆದರೆ ಸಲೀಸಾಗಿ ಬರುತ್ತದೆ. ಕೊಡದ ಕಂಠ ನೀರಿನಿಂದ ಮೇಲೆ ಬಂತು ಅನ್ನುವಾಗ ಭಾರ ಶುರುವಾಗುತ್ತದೆ. ಪೂರ್ತಿ ಆಚೆ ಬಂದ ಮೇಲೆ ರಟ್ಟೆ ಹಿಡಿಯುತ್ತದೆ. ಕೊಡ ಅದೇ, ಒಳಗಿನ ನೀರೂ ಅದೇ. ಹಾಗಾದ್ರೆ ಅಷ್ಟು ಹೊತ್ತು ಆ ಭಾರ ಹೊತ್ತಿದ್ದು ಯಾರು? ಬಾವಿಯ ನೀರೇ.

ನೀರಿಗಿಳಿದ ಯಾವ ವಸ್ತುವನ್ನೇ ಆಗಲಿ, ನೀರು ಮೇಲಕ್ಕೆ ತಳ್ಳುತ್ತದೆ. ತೇಲುವ ಬೆಂಡನ್ನು ಮಾತ್ರ ಅಲ್ಲ, ಮುಳುಗುವ ಕಲ್ಲನ್ನೂ ತಳ್ಳುತ್ತದೆ. ಈ ತಳ್ಳುವಿಕೆಯನ್ನು ಇಲ್ಲಿ ತೇಲುಬಲ ಅಂತ ಕರೆಯುತ್ತೇನೆ. ಅದು ಎಷ್ಟಿದೆ ಅಂತ ಅಡುಗೆಮನೆಯ ತಕ್ಕಡಿಯಲ್ಲೇ ಗ್ರಾಂ ಲೆಕ್ಕದಲ್ಲಿ ನೋಡಬಹುದು. "ಹಗುರ ಇದ್ದರೆ ತೇಲುತ್ತದೆ, ಭಾರ ಇದ್ದರೆ ಮುಳುಗುತ್ತದೆ" ಅಂತ ನಾವು ಮಕ್ಕಳಿಗೆ ಹೇಳಿಬಿಡುತ್ತೇವೆ. ಆ ಮಾತು ಎಲ್ಲಿ ಕೈಕೊಡುತ್ತದೆ ಅನ್ನುವುದು ಅಳೆದು ನೋಡಿದರೆ ತಾನೇ ಗೊತ್ತಾಗುತ್ತದೆ.

ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲು ಅಳತೆ, ಆಮೇಲೆ ಕಾರಣ. ಶಾಲೆಯಲ್ಲಿ ಇದು ಉಲ್ಟಾ ಆಗುತ್ತದೆ. ಸೂತ್ರ ಬಾಯಿಪಾಠ ಆದ ಮೇಲೆ ಪ್ರಯೋಗ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ.

ಬೇಕಾಗುವ ಸಾಮಾನು

1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಒಂದು ಪ್ಲಾಸ್ಟಿಕ್ ಡಬ್ಬಿ, ಒಂದು ಅಗಲವಾದ ಬೇಸಿನ್, ದಾರ, ಮುಷ್ಟಿಗಿಂತ ಚಿಕ್ಕ ಕಲ್ಲು, ಮರದ ತುಂಡು, ಕಲ್ಲುಪ್ಪು, ತಾಜಾ ಮೊಟ್ಟೆ, ಜೇಡಿಮಣ್ಣು, ಪ್ಲಾಸ್ಟಿಕ್ ನೀರಿನ ಬಾಟಲಿ, ಪೆನ್ನಿನ ಮುಚ್ಚಳ, ಸ್ಟ್ರಾ. ಜೇಡಿಮಣ್ಣು ಸಿಗದಿದ್ದರೆ ಮಕ್ಕಳ ಬಣ್ಣದ ಕ್ಲೇ ಆಗುತ್ತದೆ. ತಕ್ಕಡಿ ಒಂದನ್ನು ಬಿಟ್ಟರೆ ಬೇರೆ ಯಾವುದಕ್ಕೂ ದುಡ್ಡು ಹಾಕುವ ಅಗತ್ಯ ಇಲ್ಲ.

ಹೆಜ್ಜೆ 1: ತೇಲುಬಲವನ್ನು ತೂಗಿ ನೋಡಿ

ಮೊದಲು ಒಣ ಕಲ್ಲನ್ನು ತೂಗಿ ಬರೆದಿಟ್ಟುಕೊಳ್ಳಿ. ಈಗ ಡಬ್ಬಿಗೆ ಮುಕ್ಕಾಲು ಭಾಗ ನೀರು ಹಾಕಿ ತಕ್ಕಡಿಯ ಮೇಲಿಡಿ. ಟೇರ್ ಗುಂಡಿ ಒತ್ತಿ ಸೊನ್ನೆ ಮಾಡಿ. ಕಲ್ಲಿಗೆ ದಾರ ಕಟ್ಟಿ ನಿಧಾನಕ್ಕೆ ನೀರಿಗೆ ಇಳಿಸಿ. ಕಲ್ಲು ಪೂರ್ತಿ ಮುಳುಗಿರಬೇಕು, ಆದರೆ ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಬಾರದು. ಕೈ ನಡುಗಿದರೆ ಅಂಕಿ ಕುಣಿಯುತ್ತದೆ. ಅದಕ್ಕೇ ಎರಡು ಕುರ್ಚಿಗಳ ನಡುವೆ ಒಂದು ಕೋಲಿಟ್ಟು ದಾರವನ್ನು ಅದಕ್ಕೆ ಕಟ್ಟುವುದು ಒಳ್ಳೆಯದು.

ಕಲ್ಲಿನ ಭಾರ ದಾರದ ಮೇಲಿದೆ. ತಕ್ಕಡಿಗೆ ಕಲ್ಲು ತಾಗೇ ಇಲ್ಲ. ಆದರೂ ತಕ್ಕಡಿ ಒಂದು ಅಂಕಿ ತೋರಿಸುತ್ತದೆ. ಚಾಮುಂಡಿ ಬೆಟ್ಟದ ಕಡೆ ಸಿಗುವಂಥ ಗ್ರಾನೈಟ್ ಕಲ್ಲು 270 ಗ್ರಾಂ ಇದ್ದರೆ, ತಕ್ಕಡಿಯಲ್ಲಿ 100ರ ಆಸುಪಾಸು ಬರುತ್ತದೆ.

ಈ 100 ಗ್ರಾಂ ಎಲ್ಲಿಂದ ಬಂತು? ನೀರು ಕಲ್ಲನ್ನು ಮೇಲಕ್ಕೆ ತಳ್ಳುತ್ತಿದೆ. ಎಷ್ಟು ಬಲದಿಂದ ಮೇಲಕ್ಕೆ ತಳ್ಳುತ್ತದೋ ಅಷ್ಟೇ ಬಲದಿಂದ ಕಲ್ಲು ನೀರನ್ನು ಕೆಳಕ್ಕೆ ಒತ್ತುತ್ತದೆ. ನೀರು ಡಬ್ಬಿಯನ್ನು, ಡಬ್ಬಿ ತಕ್ಕಡಿಯನ್ನು ಒತ್ತುತ್ತದೆ. ಅಂದರೆ ನೀವು ನೋಡುತ್ತಿರುವ ಅಂಕಿಯೇ ತೇಲುಬಲ. ದಾರ ಈಗ 270 ಗ್ರಾಂ ಹೊತ್ತಿಲ್ಲ, 170 ಗ್ರಾಂ ಮಾತ್ರ ಹೊತ್ತಿದೆ. ಬಾವಿಯ ಹಗ್ಗ ಹಗುರ ಆಗುವ ಲೆಕ್ಕವೂ ಇದೇ.

ಇನ್ನೊಂದು ವಿಷಯ ಗಮನಿಸಿ. ಕಲ್ಲು ಇಳಿದಾಗ ಡಬ್ಬಿಯ ನೀರು ಮೇಲೇರುತ್ತದೆ. ಎಷ್ಟು ಮಿಲಿಲೀಟರ್ ಏರಿತು ಅಂತ ಅಳತೆ ಗುರುತಿರುವ ಜಗ್‌ನಲ್ಲಿ ನೋಡಿದರೆ ಅದೂ ಸುಮಾರು 100. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ತೂಗುತ್ತದೆ. ಕಲ್ಲು 100 ಮಿಲಿಲೀಟರ್ ನೀರನ್ನು ಪಕ್ಕಕ್ಕೆ ಸರಿಸಿತು, 100 ಗ್ರಾಂ ತೇಲುಬಲ ಸಿಕ್ಕಿತು. ಸರಿಸಿದ ನೀರಿನ ತೂಕ ಎಷ್ಟೋ ತೇಲುಬಲ ಅಷ್ಟು. ಆರ್ಕಿಮಿಡೀಸನ ತತ್ವ ಅಂದರೆ ಇದೇ. ಅವನು ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಸಿಸಿಲಿ ದ್ವೀಪದ ಸಿರಾಕ್ಯೂಸ್ ಊರಿನಲ್ಲಿದ್ದವನು. ಸ್ನಾನದ ತೊಟ್ಟಿಯಿಂದ ಎದ್ದು ಬೀದಿಯಲ್ಲಿ ಓಡಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಅವನ ಉಳಿದಿರುವ ಬರಹಗಳಲ್ಲಿ ಆ ಕಥೆ ಇಲ್ಲ. ಅದನ್ನು ಬರೆದಿಟ್ಟವನು ಸುಮಾರು 200 ವರ್ಷ ಕಳೆದ ಮೇಲೆ ಬಂದ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್. ನನ್ನನ್ನು ಕೇಳಿದರೆ ಆ ಓಟಕ್ಕಿಂತ ಈ ತಕ್ಕಡಿಯ 100 ಗ್ರಾಮೇ ಜಾಸ್ತಿ ರೋಮಾಂಚನ.

ಇದರಿಂದ ಒಂದು ಉಪಯೋಗವೂ ಉಂಟು. ಒಣ ತೂಕವನ್ನು ತೇಲುಬಲದ ಅಂಕಿಯಿಂದ ಭಾಗಿಸಿ. 270 ಭಾಗಿಸು 100, ಅಂದರೆ 2.7. ಕಲ್ಲು ತನ್ನಷ್ಟೇ ಗಾತ್ರದ ನೀರಿಗಿಂತ 2.7 ಪಟ್ಟು ಭಾರ. ಇದೇ ಅದರ ಸಾಂದ್ರತೆ. ಶುದ್ಧ ಬೆಳ್ಳಿಗೆ ಇದು 10.5, ಚಿನ್ನಕ್ಕೆ 19.3, ಹಿತ್ತಾಳೆಗೆ 8.5ರ ಹತ್ತಿರ. 210 ಗ್ರಾಂನ ಬೆಳ್ಳಿ ಲೋಟವನ್ನು ಹೀಗೆ ನೀರಲ್ಲಿ ತೂಗುಬಿಟ್ಟರೆ 20 ಗ್ರಾಂ ಬರಬೇಕು. 25 ಬಂದರೆ ಒಳಗೆ ಬೇರೇನೋ ಇದೆ ಅಂತ ಅರ್ಥ. ಆದರೆ ಉಂಗುರ, ಓಲೆಗಳನ್ನು ಈ ತಕ್ಕಡಿಯಲ್ಲಿ ಪರೀಕ್ಷೆ ಮಾಡಲು ಹೋಗಬೇಡಿ. ಅವುಗಳ ತೇಲುಬಲ ಅರ್ಧ ಗ್ರಾಮೂ ಇರುವುದಿಲ್ಲ. ಸುಮ್ನೆ ಅಂಗಡಿಯವರ ಜೊತೆ ಜಗಳ ಆಗುತ್ತದೆ. ಕಲ್ಲು ಕೂರಿಸಿದ ಒಡವೆ, ಒಳಗೆ ಟೊಳ್ಳಿರುವ ವಿಗ್ರಹಗಳಿಗೂ ಈ ಲೆಕ್ಕ ನಡೆಯುವುದಿಲ್ಲ.

ಹೆಜ್ಜೆ 2: ತೇಲುವ ವಸ್ತುವನ್ನೂ ಹಾಗೆಯೇ ತೂಗಿ

ಈಗ ಮರದ ತುಂಡು ತೆಗೆದುಕೊಳ್ಳಿ. ಒಣ ತೂಕ 60 ಗ್ರಾಂ ಅಂತಿಟ್ಟುಕೊಳ್ಳಿ. ತಕ್ಕಡಿಯನ್ನು ಸೊನ್ನೆ ಮಾಡಿ, ತುಂಡನ್ನು ನೀರಿನ ಮೇಲೆ ಬಿಡಿ. ತಕ್ಕಡಿ ಸರಿಯಾಗಿ 60 ತೋರಿಸುತ್ತದೆ. ತುಂಡು 60 ಗ್ರಾಂ ನೀರನ್ನು ಸರಿಸುವಷ್ಟು ಮಾತ್ರ ಒಳಗಿಳಿದು ಅಲ್ಲಿಗೆ ನಿಂತಿದೆ. ಅದಕ್ಕಿಂತ ಇಳಿದಿದ್ದರೆ ತೇಲುಬಲ ಜಾಸ್ತಿಯಾಗಿ ಮೇಲಕ್ಕೆ ಎತ್ತುತ್ತಿತ್ತು. ಕಡಿಮೆ ಇಳಿದಿದ್ದರೆ ಭಾರವೇ ಜಾಸ್ತಿಯಾಗಿ ಇನ್ನೂ ಕೆಳಕ್ಕೆ ಹೋಗುತ್ತಿತ್ತು.

ಈಗ ಎರಡು ಸೂಜಿಗಳಿಂದ ತುಂಡನ್ನು ಪೂರ್ತಿ ನೀರೊಳಗೆ ಒತ್ತಿ ಹಿಡಿಯಿರಿ. ಬೆರಳು ಮುಳುಗಿಸಬೇಡಿ, ಬೆರಳಿನ ತೇಲುಬಲವೂ ಸೇರಿಕೊಳ್ಳುತ್ತದೆ. ಅಂಕಿ 100ಕ್ಕೆ ಏರಿತು ಅನ್ನಿ. ಪೂರ್ತಿ ಮುಳುಗಿದರೆ ಈ ತುಂಡಿಗೆ 100 ಗ್ರಾಂ ತೇಲುಬಲ ಸಿಗುತ್ತದೆ, ಆದರೆ ಇದರ ತೂಕ 60 ಮಾತ್ರ. ಹಾಗಾಗಿ ಬಿಟ್ಟ ಕೂಡಲೇ ಪುಟಿದು ಮೇಲೆ ಬರುತ್ತದೆ. ಸಾಂದ್ರತೆ 0.6. ತೇಲುವಾಗ ನೂರರಲ್ಲಿ 60 ಪಾಲು ನೀರೊಳಗೆ, 40 ಪಾಲು ಮೇಲೆ.

ಇಲ್ಲಿಗೆ ನಿಯಮ ಸಿಕ್ಕಿತು. ಪೂರ್ತಿ ಮುಳುಗಿದಾಗ ಸಿಗುವ ತೇಲುಬಲ ವಸ್ತುವಿನ ತೂಕಕ್ಕಿಂತ ಜಾಸ್ತಿ ಇದ್ದರೆ ತೇಲುತ್ತದೆ. ಕಡಿಮೆ ಇದ್ದರೆ ಮುಳುಗುತ್ತದೆ. ಸರಿಸಮ ಆದರೆ ನಡುವೆ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ.

ಇದಾದ ಮೇಲೆ ಅಡುಗೆಮನೆಯ ಬುಟ್ಟಿಯನ್ನೇ ಬೇಸಿನ್ನಿಗೆ ಹಾಕಿ. ಒಂದೊಂದನ್ನೂ ಬಿಡುವ ಮೊದಲು ಮಕ್ಕಳು ಊಹೆ ಹೇಳಲಿ. ಈರನಗೆರೆ ಬದನೆ ಮುಷ್ಟಿ ಗಾತ್ರ ಇದ್ದರೂ ತೇಲುತ್ತದೆ. ಒಳಗೆಲ್ಲ ಗಾಳಿಗೂಡು. ನಂಜನಗೂಡು ರಸಬಾಳೆ ತೇಲುತ್ತದೆ. ಸೇಬು ತೇಲುತ್ತದೆ. ಆಲೂಗಡ್ಡೆ ಎಷ್ಟು ಚಿಕ್ಕದಿದ್ದರೂ ತಳಕ್ಕೆ ಹೋಗುತ್ತದೆ. ದ್ರಾಕ್ಷಿಯೂ ಅಷ್ಟೇ. ಕಿತ್ತಳೆಯನ್ನು ಸಿಪ್ಪೆ ಸಮೇತ ಬಿಡಿ, ತೇಲುತ್ತದೆ. ಸುಲಿದು ಬಿಡಿ, ಮುಳುಗುತ್ತದೆ. ಸುಲಿದಾಗ ತೂಕ ಕಡಿಮೆಯಾಯಿತು ಅಲ್ವಾ? ಆದರೂ ಮುಳುಗಿತು. ಸಿಪ್ಪೆಯ ಬಿಳಿ ಪದರದಲ್ಲಿ ಗಾಳಿ ತುಂಬಿರುತ್ತದೆ. ತೂಕ ಸ್ವಲ್ಪವೇ ಹೋಯಿತು, ಗಾತ್ರ ಮಾತ್ರ ಜಾಸ್ತಿ ಹೋಯಿತು.

ಹೆಜ್ಜೆ 3: ನೀರು ಯಾಕೆ ತಳ್ಳುತ್ತದೆ ಅಂತ ಲೆಕ್ಕ ಹಾಕಿ

"ಸಾಂದ್ರತೆ ಕಡಿಮೆ ಇರುವುದಕ್ಕೆ ತೇಲುತ್ತದೆ" ಅಂದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ, ಕಾರಣ ಸಿಗುವುದಿಲ್ಲ. ಕಾರಣ ಇರುವುದು ಆಳದಲ್ಲಿ.

ನೀರಿನಲ್ಲಿ ಕೆಳಕ್ಕೆ ಹೋದಷ್ಟೂ ಒತ್ತಡ ಜಾಸ್ತಿ. ಮೇಲಿರುವ ನೀರಿನ ಭಾರವನ್ನೆಲ್ಲ ಕೆಳಗಿನ ನೀರು ಹೊರಬೇಕು. ಪ್ರತಿ ಒಂದು ಸೆಂ.ಮೀ. ಆಳಕ್ಕೆ, ಪ್ರತಿ ಚದರ ಸೆಂ.ಮೀ. ಮೇಲೆ ಒಂದು ಗ್ರಾಂನಷ್ಟು ಒತ್ತಡ ಕೂಡಿಕೊಳ್ಳುತ್ತದೆ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿತು ಅಂದರೆ ಮಂಡ್ಯದಲ್ಲಿ ಎಲ್ಲರ ಮುಖದಲ್ಲೂ ಕಳೆ ಬರುತ್ತದೆ. ಅಷ್ಟು ಅಡಿ ಅಂದರೆ ಸುಮಾರು 38 ಮೀಟರ್. ಅಷ್ಟು ಆಳದಲ್ಲಿ ಪ್ರತಿ ಚದರ ಸೆಂ.ಮೀ. ಜಾಗದ ಮೇಲೆ ನೀರು 3.8 ಕೆ.ಜಿ.ಯಷ್ಟು ಒತ್ತುತ್ತದೆ. ಕಟ್ಟೆಯ ಗೋಡೆ ಮೇಲೆ ಕಿರಿದಾಗಿ ಬುಡದಲ್ಲಿ ದಪ್ಪ ಇರುವುದು ಇದಕ್ಕೇ. ಹಿನ್ನೀರು ಎಷ್ಟು ಮೈಲಿ ಹಿಂದಕ್ಕೆ ಹಬ್ಬಿದೆ ಅನ್ನುವುದು ಈ ಒತ್ತಡಕ್ಕೆ ಲೆಕ್ಕಕ್ಕಿಲ್ಲ. ಆಳ ಒಂದೇ ಮುಖ್ಯ.

ಈಗ 10 ಸೆಂ.ಮೀ. ಉದ್ದ, ಅಗಲ, ಎತ್ತರದ ಒಂದು ಚೌಕ ಇಟ್ಟಿಗೆಯನ್ನು ಮನಸ್ಸಿನಲ್ಲೇ ನೀರಿಗೆ ಇಳಿಸಿ. ಅದರ ಮೇಲ್ಮೈ ನೀರಿನ ಮಟ್ಟದಿಂದ 10 ಸೆಂ.ಮೀ. ಕೆಳಗಿದೆ. ತಳ 20 ಸೆಂ.ಮೀ. ಕೆಳಗಿದೆ. ಮೇಲ್ಮೈಯ ಜಾಗ 100 ಚದರ ಸೆಂ.ಮೀ. ಅದರ ಮೇಲೆ ನೀರು ಕೆಳಕ್ಕೆ ಒತ್ತುವುದು 10 ಗುಣಿಸು 100, ಅಂದರೆ 1,000 ಗ್ರಾಂ. ತಳವನ್ನು ಮೇಲಕ್ಕೆ ಒತ್ತುವುದು 20 ಗುಣಿಸು 100, ಅಂದರೆ 2,000 ಗ್ರಾಂ. ಪಕ್ಕದ ಒತ್ತಡಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಉಳಿದದ್ದು ಮೇಲ್ಮುಖವಾಗಿ 1,000 ಗ್ರಾಂ. ಆ ಇಟ್ಟಿಗೆಯ ಗಾತ್ರ 1,000 ಘನ ಸೆಂ.ಮೀ. ಅಷ್ಟು ನೀರಿನ ತೂಕವೂ 1,000 ಗ್ರಾಂ. ತಕ್ಕಡಿ ತೋರಿಸಿದ ನಿಯಮ ಇಲ್ಲಿ ಲೆಕ್ಕದಲ್ಲೇ ಹೊರಬಂತು.

ಅದೇ ಇಟ್ಟಿಗೆಯನ್ನು ಇನ್ನೂ 5 ಮೀಟರ್ ಕೆಳಗಿಳಿಸಿ ಲೆಕ್ಕ ಹಾಕಿ. ಎರಡೂ ಕಡೆ ಒತ್ತಡ ಏರುತ್ತದೆ, ವ್ಯತ್ಯಾಸ ಮಾತ್ರ ಅದೇ 1,000 ಗ್ರಾಂ. "ಆಳಕ್ಕೆ ಹೋದಷ್ಟೂ ತೇಲುಬಲ ಜಾಸ್ತಿ" ಅಂತ ತುಂಬಾ ಜನ ನಂಬಿರುತ್ತಾರೆ. ಅದು ತಪ್ಪು.

ತೇಲುಬಲ ಬರುವುದು ತಳದ ಕೆಳಗೂ ನೀರು ಹೊಕ್ಕಾಗ. ನಾಟಿ ಮಾಡುವ ಕೆಸರುಗದ್ದೆಯಲ್ಲಿ ಕಾಲು ಹೂತಾಗ ನೇರ ಮೇಲಕ್ಕೆ ಕಿತ್ತರೆ ಬರುವುದಿಲ್ಲ. ಪಾದದ ಕೆಳಗೆ ಕೆಸರು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ನೀರು ಗಾಳಿ ಎರಡೂ ಒಳಹೋಗಲು ಸಂದಿ ಇರುವುದಿಲ್ಲ. ಮೇಲಿಂದ ಒತ್ತುವವರು ಇದ್ದಾರೆ, ಕೆಳಗಿಂದ ತಳ್ಳುವವರು ಇಲ್ಲ. ಹಿಮ್ಮಡಿಯನ್ನು ಅತ್ತಿತ್ತ ಅಲ್ಲಾಡಿಸಿ ಸಂದಿ ಮಾಡಿದರೆ ಸುಲಭವಾಗಿ ಬರುತ್ತದೆ. ನಾಟಿ ಹಾಕುವ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಹೆಜ್ಜೆ 4: ಅದೇ ಮಣ್ಣು, ಬೇರೆ ಆಕಾರ

ಜೇಡಿಮಣ್ಣಿನ ಉಂಡೆ ಮಾಡಿ ನೀರಿಗೆ ಬಿಡಿ. ಮುಳುಗುತ್ತದೆ. ಹೊರತೆಗೆದು ಅದೇ ಮಣ್ಣನ್ನು ತೆಳ್ಳಗೆ ತಟ್ಟಿ ಬಟ್ಟಲಿನಂತೆ ಅಂಚು ಎತ್ತಿ ಬಿಡಿ. ತೇಲುತ್ತದೆ. ಮಣ್ಣು ಒಂದು ಗ್ರಾಮೂ ಕಡಿಮೆಯಾಗಿಲ್ಲ. ಬಟ್ಟಲಿನ ಒಳಗಿನ ಗಾಳಿಯ ಜಾಗವೂ ಸೇರಿ ಅದು ಸರಿಸುವ ನೀರು ಹೆಚ್ಚಾಯಿತು, ಅಷ್ಟೇ. ಕಬ್ಬಿಣದ ಹಡಗು ತೇಲುವುದು ಹೀಗೆಯೇ. ಅಂಚಿನ ಮೇಲಿಂದ ಒಂದು ಚಮಚ ನೀರು ಒಳಗೆ ಹಾಕುತ್ತಾ ಹೋಗಿ. ತೂಕ ಏರಿದಷ್ಟೂ ಬಟ್ಟಲು ಇನ್ನಷ್ಟು ಇಳಿದು, ಅಷ್ಟೇ ಹೆಚ್ಚು ನೀರನ್ನು ಸರಿಸುತ್ತದೆ. ಒಂದು ಹಂತದಲ್ಲಿ ಅಂಚು ನೀರಿಗೆ ತಾಗುತ್ತದೆ. ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ತಳ ಸೇರುತ್ತದೆ.

ನಮ್ಮ ಕಡೆ ಇದಕ್ಕೆ ಅತ್ಯುತ್ತಮ ಉದಾಹರಣೆ ಹರಿಗೋಲು. ಶ್ರೀರಂಗಪಟ್ಟಣ, ತಲಕಾಡಿನಲ್ಲಿ ನೋಡಿರುತ್ತೀರಿ. ಬಿದಿರಿನ ಹೆಣಿಗೆ, ಹೊರಗೆ ನೀರು ಹೀರದ ಹೊದಿಕೆ. ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಟಾರು. ಅದರ ಅಡ್ಡಗಲ 2 ಮೀಟರ್ ಅಂತಿಟ್ಟುಕೊಳ್ಳಿ. ತಳದ ಜಾಗ ಸುಮಾರು 3.14 ಚದರ ಮೀಟರ್. ಅದು ಒಂದು ಸೆಂ.ಮೀ. ಇಳಿದರೆ 31 ಲೀಟರ್ ನೀರು ಸರಿಯುತ್ತದೆ, ಅಂದರೆ 31 ಕೆ.ಜಿ. ಹೊರುತ್ತದೆ. 62 ಕೆ.ಜಿ.ಯ ಒಬ್ಬರು ಹತ್ತಿದರೆ ಇಳಿಯುವುದು 2 ಸೆಂ.ಮೀ. ಮಾತ್ರ! ಆರು ಜನ ಹತ್ತಿದರೂ ಒಂದು ಗೇಣು ಇಳಿಯುವುದಿಲ್ಲ. ನಿಜವಾದ ಹರಿಗೋಲಿನ ತಳ ಗುಂಡಗಿರುವುದರಿಂದ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ಆದರೂ ಬಂಡೆ ತುಂಬಿದ, ಆಳ ಇಲ್ಲದ ನದಿಗೆ ಇಷ್ಟು ಕಡಿಮೆ ಇಳಿಯುವ ದೋಣಿ ಬೇರೆ ಸಿಗುವುದು ಕಷ್ಟ.

ನೀವೂ ಇಂಥದ್ದೊಂದು ಲೆಕ್ಕ ಮಾಡಿ. ಊಟದ ಸ್ಟೀಲ್ ಡಬ್ಬಿಯ ಹೊರಗೆ ಮಾರ್ಕರ್‌ನಿಂದ ಸೆಂ.ಮೀ. ಗೆರೆ ಎಳೆಯಿರಿ. ತಳದ ಉದ್ದ ಅಗಲ ಗುಣಿಸಿ. 10 ಮತ್ತು 15 ಇದ್ದರೆ, ಪ್ರತಿ ಸೆಂ.ಮೀ.ಗೆ 150 ಗ್ರಾಂ ಹೊರಬೇಕು. ಡಬ್ಬಿಯನ್ನು ತೇಲಿಬಿಟ್ಟು 300 ಗ್ರಾಂ ಅಕ್ಕಿ ಹಾಕಿ. ಎರಡು ಗೆರೆ ಇಳಿಯುತ್ತದೆಯೇ ನೋಡಿ.

ತೇಲುವುದು ಒಂದು, ಮಗುಚದೆ ತೇಲುವುದು ಇನ್ನೊಂದು. ಅದೇ ಡಬ್ಬಿಯಲ್ಲಿ ಅಕ್ಕಿಯ ಬದಲು ಅಷ್ಟೇ ತೂಕದ ಎತ್ತರದ ಬಾಟಲಿ ನಿಲ್ಲಿಸಿ. ಒಂಚೂರು ಅಲುಗಿದರೂ ಪಲ್ಟಿ. ದೋಣಿ ವಾಲಿದಾಗ ವಾಲಿದ ಕಡೆ ಹೆಚ್ಚು ಭಾಗ ನೀರಿಗಿಳಿಯುತ್ತದೆ. ತೇಲುಬಲವೂ ಆ ಕಡೆ ಹೆಚ್ಚಾಗಿ ವಾಪಸ್ ಎತ್ತುತ್ತದೆ. ಅಗಲ ಜಾಸ್ತಿ ಇದ್ದು ಭಾರ ತಗ್ಗಿನಲ್ಲಿದ್ದರೆ ಈ ಎತ್ತುವಿಕೆ ಗೆಲ್ಲುತ್ತದೆ. ಭಾರ ಎತ್ತರದಲ್ಲಿದ್ದರೆ ಭಾರವೇ ಗೆದ್ದು ಮಗುಚಿಹಾಕುತ್ತದೆ. ಹರಿಗೋಲಿನವರು "ಕೂತ್ಕೊಳ್ಳಿ, ಎದ್ದು ನಿಲ್ಲಬೇಡಿ" ಅಂತ ಗದರುವುದು ಇದಕ್ಕೆ. ಸೆಲ್ಫಿಗೆಂದು ಎಲ್ಲರೂ ಒಂದೇ ಕಡೆ ಸರಿಯುವುದು ಇನ್ನೂ ಕೆಟ್ಟದ್ದು.

ತೆಪ್ಪ ಕಟ್ಟುವವರಿಗೆ ಒಂದು ಸಾಲಿನ ಲೆಕ್ಕ. ಬಾಯಿ ಭದ್ರವಾಗಿ ಮುಚ್ಚಿದ 200 ಲೀಟರ್ ಡ್ರಮ್ಮು 20 ಕೆ.ಜಿ. ತೂಗಿದರೆ, ಹೊರುವುದು ಹೆಚ್ಚೆಂದರೆ 180 ಕೆ.ಜಿ. ಅದರ ಅರ್ಧದಷ್ಟೇ ಭಾರ ಹಾಕುವುದು ಜಾಣತನ.

ಹೆಜ್ಜೆ 5: ದ್ರವ ಬದಲಿಸಿ — ಮೊಟ್ಟೆ, ಉಪ್ಪು, ಬಿತ್ತನೆ ಭತ್ತ

ಇಲ್ಲಿಯ ತನಕ ವಸ್ತುವನ್ನು ಬದಲಿಸಿದೆವು. ಈಗ ನೀರನ್ನೇ ಬದಲಿಸೋಣ. ಉಪ್ಪು ಕರಗಿಸಿದರೆ ಅಷ್ಟೇ ಗಾತ್ರದ ನೀರು ಹೆಚ್ಚು ತೂಗುತ್ತದೆ. ಹಾಗಾಗಿ ತೇಲುಬಲವೂ ಹೆಚ್ಚುತ್ತದೆ. ಇದನ್ನು ಲೋಟದಲ್ಲಿ ಆಟಕ್ಕೆ ಮಾಡುವುದಕ್ಕಿಂತ ಒಂದು ನಿಜವಾದ ಕೆಲಸಕ್ಕೆ ಬಳಸುವುದು ಚೆನ್ನ. ಮಂಡ್ಯ ಕಡೆ ಗದ್ದೆ ಇರುವವರು ಒಟ್ಲು (ಸಸಿಮಡಿ) ಹಾಕುವ ಮುಂಚೆ ಬಿತ್ತನೆ ಭತ್ತವನ್ನು ಹೀಗೆ ಆರಿಸಬಹುದು. ಅದರಲ್ಲೂ ರಾಜಮುಡಿಯಂಥ ನಾಟಿ ತಳಿಯ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳುವವರಿಗೆ ಇದು ತುಂಬಾ ಅನುಕೂಲ.

ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ 10 ಲೀಟರ್ ನೀರು ಹಾಕಿ. ಲೋಹದ ಪಾತ್ರೆ ಬೇಡ, ಉಪ್ಪಿಗೆ ಕೆಡುತ್ತದೆ. ತಾಜಾ ಮೊಟ್ಟೆ ಬಿಡಿ. ತಳದಲ್ಲಿ ಅಡ್ಡ ಮಲಗುತ್ತದೆ. ಹಳೆಯ ಮೊಟ್ಟೆ ಆಗುವುದಿಲ್ಲ. ದಿನ ಕಳೆದಂತೆ ಚಿಪ್ಪಿನ ಸಣ್ಣ ರಂಧ್ರಗಳಿಂದ ತೇವ ಆರಿ ಒಳಗೆ ಗಾಳಿ ಸೇರಿರುತ್ತದೆ, ಅದು ಬರೀ ನೀರಿನಲ್ಲೇ ಎದ್ದು ನಿಲ್ಲುತ್ತದೆ. ಈಗ ಮೊಟ್ಟೆ ಹೊರತೆಗೆದು ಒಂದು ಕೆ.ಜಿ. ಉಪ್ಪು ಹಾಕಿ ಪೂರ್ತಿ ಕರಗುವ ತನಕ ಕಲಕಿ. ಮೊಟ್ಟೆ ಮತ್ತೆ ಬಿಡಿ. ಇನ್ನೂ ಮುಳುಗಿದರೆ 100 ಗ್ರಾಂನಂತೆ ಸೇರಿಸುತ್ತಾ ಹೋಗಿ. ಹೆಚ್ಚೂ ಕಡಿಮೆ ಒಂದೂವರೆ ಕೆ.ಜಿ.ಯ ಹತ್ತಿರ ಬರುವಾಗ ಮೊಟ್ಟೆ ಮೇಲೆದ್ದು ನೆತ್ತಿ ತೋರಿಸುತ್ತದೆ. ನಾಣ್ಯದಗಲ ನೆತ್ತಿ ಕಂಡರೆ ನಿಲ್ಲಿಸಿ. ನೀರಿನ ಸಾಂದ್ರತೆ ಈಗ ಸುಮಾರು 1.1.

ಮೊಟ್ಟೆ ತೆಗೆದಿಟ್ಟು ಭತ್ತವನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಕೈಹಾಕಿ ಚೆನ್ನಾಗಿ ಕಲಕಿ. ಭತ್ತದ ಹೊಟ್ಟಿನ ಮೇಲೆ ಸಣ್ಣ ರೋಮ ಇರುತ್ತದೆ. ಅದಕ್ಕೆ ಗಾಳಿಗುಳ್ಳೆ ಅಂಟಿಕೊಂಡು ಗಟ್ಟಿ ಕಾಳೂ ಸುಳ್ಳೇ ತೇಲುತ್ತದೆ. ಬೆಳ್ಳಗೆ ಮಿನುಗುವ ಗುಳ್ಳೆ ಕಾಳಿಗೆ ಮೆತ್ತಿರುವುದು ಹತ್ತಿರದಿಂದ ನೋಡಿದರೆ ಕಾಣುತ್ತದೆ. ಕಲಕಿದಾಗ ಗುಳ್ಳೆ ಬಿಟ್ಟು ಕಾಳು ಇಳಿಯುತ್ತದೆ. ಅದರ ಮೇಲೂ ತೇಲಿ ಉಳಿದದ್ದು ಜೊಳ್ಳು, ಅರೆಜೊಳ್ಳು. ಅದನ್ನು ಬಳಿದು ತೆಗೆಯಿರಿ. ಕೋಳಿಗೆ ಹಾಕುವುದಾದರೆ ಮೊದಲು ತೊಳೆಯಿರಿ.

ಬರೀ ನೀರಲ್ಲೇ ಜೊಳ್ಳು ತೇಲುತ್ತದಲ್ಲ, ಉಪ್ಪು ಯಾಕೆ ಅಂತ ಕೇಳಬಹುದು. ಬರೀ ನೀರಿನಲ್ಲಿ ಪೂರ್ತಿ ಪೊಳ್ಳು ಮಾತ್ರ ತೇಲುತ್ತದೆ. ಅರ್ಧ ಹಾಲು ಕಟ್ಟಿದ ಕಾಳು ನೀರಿಗಿಂತ ಸ್ವಲ್ಪವೇ ಭಾರ, ಅದು ಗಟ್ಟಿ ಕಾಳಿನ ಜೊತೆ ತಳ ಸೇರಿಬಿಡುತ್ತದೆ. ಉಪ್ಪು ಹಾಕುವುದು ಅಂದರೆ ಜರಡಿಯ ಕಣ್ಣು ಬದಲಿಸಿದ ಹಾಗೆ. 1.1ಕ್ಕಿಂತ ಹಗುರ ಇರುವುದೆಲ್ಲ ಮೇಲೆ, ಗಟ್ಟಿ ಇರುವುದು ಕೆಳಗೆ. ಮೊಟ್ಟೆ ಇಲ್ಲಿ ಅಳತೆಗೋಲು. ಅದಕ್ಕೆ ಬೇರೆ ಕೆಲಸ ಇಲ್ಲ.

ಮುಖ್ಯವಾದ ಮಾತು: ತಳದ ಬೀಜವನ್ನು ಕೂಡಲೇ ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆಯಬೇಕು. ಉಪ್ಪು ಉಳಿದರೆ ಮೊಳಕೆಗೆ ಪೆಟ್ಟು. ಆಮೇಲೆ ಎಂದಿನಂತೆ ನೆನೆಹಾಕಿ, ಮೊಳಕೆ ಬರಲು ಮಂಡಿಗೆ ಕಟ್ಟಬಹುದು. ಬಳಸಿದ ಉಪ್ಪುನೀರನ್ನು ಗದ್ದೆಗೆ ಚೆಲ್ಲಬೇಡಿ.

ಹೆಜ್ಜೆ 6: ಸ್ಟ್ರಾದಿಂದ ಅಳತೆಗೋಲು

ಊರಿನ ಹಾಲಿನ ಡೇರಿಯಲ್ಲಿ ಗಾಜಿನ ಕೊಳವೆಯೊಂದನ್ನು ಹಾಲಿಗೆ ಬಿಟ್ಟು ನೋಡುತ್ತಾರಲ್ಲ, ಲ್ಯಾಕ್ಟೋಮೀಟರ್. ಅದೂ ತೇಲುಬಲದ ಉಪಕರಣವೇ. ನೀರು ಬೆರೆಸದ ಹಾಲಿನ ಸಾಂದ್ರತೆ ಸಾಮಾನ್ಯವಾಗಿ 1.026ರಿಂದ 1.032. ನೀರು ಬೆರೆಸಿದರೆ ಇಳಿಯುತ್ತದೆ, ಕೊಳವೆ ಹೆಚ್ಚು ಮುಳುಗುತ್ತದೆ. ಆದರೆ ಕೆನೆ ತೆಗೆದರೆ ಸಾಂದ್ರತೆ ಏರುತ್ತದೆ, ಯಾಕೆಂದರೆ ಜಿಡ್ಡು ನೀರಿಗಿಂತ ಹಗುರ. ಕೆನೆ ತೆಗೆದು ಆಮೇಲೆ ನೀರು ಬೆರೆಸಿದರೆ ಕೊಳವೆಗೆ ಮೋಸ ಗೊತ್ತಾಗುವುದಿಲ್ಲ. ಅದಕ್ಕೇ ಡೇರಿಯಲ್ಲಿ ಜಿಡ್ಡಿನ ಪರೀಕ್ಷೆಯನ್ನೂ ಜೊತೆಗೇ ಮಾಡುವುದು.

ಮನೆಯಲ್ಲಿ ಮಾಡಲು ಸ್ಟ್ರಾದ ಒಂದು ತುದಿಗೆ ಮೇಣ ಅಥವಾ ಕ್ಲೇ ತುಂಬಿ ಮುಚ್ಚಿ. ಒಳಗೆ ಸಣ್ಣ ಮೊಳೆಗಳನ್ನು ಹಾಕಿ. ಉದ್ದನೆ ಲೋಟದ ನೀರಿನಲ್ಲಿ ಅದು ನೆಟ್ಟಗೆ ನಿಂತು ತೇಲುವಷ್ಟು ಭಾರ ಸಾಕು. ನೀರಿನ ಮಟ್ಟಕ್ಕೆ ಒಂದು ಗೆರೆ ಹಾಕಿ. ಉಪ್ಪುನೀರಿನಲ್ಲಿ, ಹಾಲಿನಲ್ಲಿ, ಕಬ್ಬಿನ ಹಾಲಿನಲ್ಲಿ ಬಿಟ್ಟು ನೋಡಿ. ಕಬ್ಬಿನ ಹಾಲಿನಲ್ಲಿ ಗೆರೆ ಚೆನ್ನಾಗಿಯೇ ಮೇಲೇಳುತ್ತದೆ, ಸಕ್ಕರೆ ಅಷ್ಟಿರುತ್ತದೆ. ಹಸುವಿನ ಹಾಲಿನಲ್ಲಿ ವ್ಯತ್ಯಾಸ ಕೂದಲೆಳೆಯಷ್ಟು. ಸ್ಟ್ರಾ ತೆಳ್ಳಗಿದ್ದಷ್ಟೂ ವ್ಯತ್ಯಾಸ ಸ್ಪಷ್ಟ. ಗೋಡೆಗೆ ಅಂಟಿಕೊಂಡರೆ ಬೆರಳಿನಿಂದ ತಿರುಗಿಸಿ ಬಿಡಿ.

ಹೆಜ್ಜೆ 7: ಬಾಟಲಿಯೊಳಗಿನ ಮುಳುಗುಗಾರ

ಪೆನ್ನಿನ ಮುಚ್ಚಳದ ತುದಿಯಲ್ಲಿ ರಂಧ್ರ ಇದ್ದರೆ ಕ್ಲೇಯಿಂದ ಮುಚ್ಚಿ. ಕ್ಲಿಪ್ಪಿನ ತುದಿಗೆ ಒಂಚೂರು ಕ್ಲೇ ಮೆತ್ತಿ. ತೆರೆದ ಬಾಯಿ ಕೆಳಗಿರುವಂತೆ ಲೋಟದ ನೀರಿಗೆ ಬಿಡಿ. ಒಳಗೆ ಗಾಳಿ ಸಿಕ್ಕಿಕೊಂಡು ತೇಲುತ್ತದೆ. ನೆತ್ತಿ ಮಾತ್ರ ಕಾಣುವಷ್ಟು ಕ್ಲೇ ಹೊಂದಿಸುವುದೇ ಇಲ್ಲಿ ಕೈಚಳಕ. ಕಾಳಿನಷ್ಟು ಜಾಸ್ತಿಯಾದರೂ ಮುಳುಗುತ್ತದೆ. ಈಗ ಅದನ್ನು ಅಂಚಿನ ತನಕ ನೀರು ತುಂಬಿದ ಬಾಟಲಿಗೆ ಇಳಿಸಿ ಬಿರಡೆ ಬಿಗಿ ಮಾಡಿ. ಬಾಟಲಿಯನ್ನು ಹಿಚುಕಿ. ಮುಚ್ಚಳ ಕೆಳಕ್ಕೆ ಇಳಿಯುತ್ತದೆ. ಕೈ ಸಡಿಲಿಸಿ, ಮೇಲೇರುತ್ತದೆ.

ಹಿಚುಕಿದಾಗ ಮುಚ್ಚಳದ ಬಾಯಿಯನ್ನೇ ನೋಡಿ. ನೀರು ಒಳಗೆ ಏರಿ ಗಾಳಿ ಕುಗ್ಗುವುದು ಕಾಣುತ್ತದೆ. ನೀರನ್ನು ಕುಗ್ಗಿಸುವುದು ಕಷ್ಟ, ಗಾಳಿಯನ್ನು ಕುಗ್ಗಿಸುವುದು ಸುಲಭ. ಗಾಳಿ ಕುಗ್ಗಿದಷ್ಟು ಸರಿಸುವ ನೀರು ಕಡಿಮೆ, ತೇಲುಬಲ ಕಡಿಮೆ. ಬಣ್ಣವಿಲ್ಲದ ಪಾರದರ್ಶಕ ಮುಚ್ಚಳ ಇದ್ದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಕಾಟ್ಲಾ, ರೋಹು ಮೀನು ಕೊಯ್ಯುವಾಗ ಬೆನ್ನೆಲುಬಿನ ಕೆಳಗೆ ಬೆಳ್ಳನೆಯ ಬಲೂನಿನಂಥ ಚೀಲ ಸಿಗುತ್ತದೆ. ಅದರ ಗಾಳಿಯನ್ನು ಹೆಚ್ಚು ಕಡಿಮೆ ಮಾಡಿಕೊಂಡೇ ಮೀನು ರೆಕ್ಕೆ ಬಡಿಯದೆ ನಡುನೀರಿನಲ್ಲಿ ನಿಲ್ಲುವುದು.

ಹೆಜ್ಜೆ 8: ನಿಮ್ಮ ಮೈಯ ಲೆಕ್ಕ

ಇದನ್ನು ಈಜುಕೊಳದಲ್ಲಿ, ತರಬೇತುದಾರರು ಪಕ್ಕದಲ್ಲಿ ಇರುವಾಗ ಮಾತ್ರ ಮಾಡಿ. ಕಾವೇರಿಯಲ್ಲಾಗಲಿ, ವಿ.ಸಿ. ನಾಲೆಯಲ್ಲಾಗಲಿ, ಕೆರೆಯಲ್ಲಾಗಲಿ ಬೇಡ.

ಮನುಷ್ಯನ ಸಾಂದ್ರತೆ ನೀರಿನ ಸಾಂದ್ರತೆಗೆ ತೀರಾ ಹತ್ತಿರ. ಎದೆ ತುಂಬ ಉಸಿರು ಎಳೆದರೆ ಹೆಚ್ಚಿನವರು ತೇಲುತ್ತಾರೆ. ಪೂರ್ತಿ ಬಿಟ್ಟರೆ ತುಂಬಾ ಜನ ಮೆಲ್ಲಗೆ ಇಳಿಯುತ್ತಾರೆ. ತೇಲಿದರೂ ನೀರಿನ ಮೇಲೆ ಉಳಿಯುವುದು ಸ್ವಲ್ಪವೇ ಭಾಗ. ಆ ಸ್ವಲ್ಪ ಭಾಗ ಮೂಗು ಬಾಯಿ ಆಗಬೇಕು. ಅದಕ್ಕೇ ಅಂಗಾತ ಮಲಗಿ, ಕಿವಿ ನೀರಿನಲ್ಲಿರಲಿ, ತಲೆ ಹಿಂದಕ್ಕೆ ಚಾಚಿ.

ಗಾಬರಿಯಾದವರು ಮಾಡುವುದು ಇದಕ್ಕೆ ಸರಿಯಾಗಿ ವಿರುದ್ಧ. ಎರಡೂ ಕೈ ಮೇಲೆತ್ತಿ ಕೂಗುತ್ತಾರೆ. 60 ಕೆ.ಜಿ. ಮನುಷ್ಯನ ಎರಡು ತೋಳು ಸೇರಿ ಸುಮಾರು 6 ಕೆ.ಜಿ. ನೀರೊಳಗಿದ್ದಾಗ ಆ 6 ಕೆ.ಜಿ.ಯನ್ನು ನೀರೇ ಹೊರುತ್ತಿತ್ತು. ಎತ್ತಿದ ಕೂಡಲೇ ಅಷ್ಟು ಭಾರ ಮೈಮೇಲೆ ಬಿದ್ದು ಮುಖ ಒಳಗೆ ಹೋಗುತ್ತದೆ. ಕೂಗಿದಾಗ ಎದೆಯ ಗಾಳಿಯೂ ಖಾಲಿ.

ಹಾಗಂತ ಮುಳುಗುತ್ತಿರುವವರನ್ನು ಉಳಿಸಲು ತುಂಬಾ ಬಲ ಬೇಕಿಲ್ಲ. ಬಿರಡೆ ಬಿಗಿಯಾದ 5 ಲೀಟರ್ ಎಣ್ಣೆ ಕ್ಯಾನು ಸುಮಾರು 5 ಕೆ.ಜಿ.ಯನ್ನು ಎತ್ತಿ ಹಿಡಿಯುತ್ತದೆ. ತಲೆಯ ತೂಕವೂ ಹತ್ತಿರ ಹತ್ತಿರ ಅಷ್ಟೇ. ಎರಡು ಕ್ಯಾನನ್ನು ಹಗ್ಗಕ್ಕೆ ಕಟ್ಟಿ ದಡದಿಂದಲೇ ಎಸೆಯಿರಿ. ಈಜು ಬರುತ್ತದೆ ಅಂತ ನೀವು ಹಾರಿದರೆ ಅವರು ನಿಮ್ಮನ್ನೇ ಹತ್ತುತ್ತಾರೆ. ಹಳ್ಳಿಗಳಲ್ಲಿ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗಿಳಿಸಿ ಈಜು ಕಲಿಸುತ್ತಿದ್ದುದೂ ಇದೇ ಲೆಕ್ಕದ ಮೇಲೆ. ಬುರುಡೆಗೆ ಬಿರುಕು ಬಿಟ್ಟಿಲ್ಲ ಅಂತ ನೋಡಿಕೊಳ್ಳುತ್ತಿದ್ದರು, ಅಷ್ಟೇ.

ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿಯ ಬುಡದಲ್ಲಿ ನೀರು ಬೆಳ್ಳಗೆ ನೊರೆಯಾಗಿ ಕುದಿಯುತ್ತಿರುತ್ತದೆ. ನೊರೆ ಅಂದರೆ ಅರ್ಧ ಗಾಳಿ. ಅಂಥ ನೀರಿನ ಸಾಂದ್ರತೆ ಕಡಿಮೆ, ಹಾಗಾಗಿ ತೇಲುಬಲವೂ ಕಡಿಮೆ. ಕೊಳದಲ್ಲಿ ಆರಾಮಾಗಿ ತೇಲುವವರೂ ಅಲ್ಲಿ ತೇಲುವುದಿಲ್ಲ. ಸೆಳೆತ, ಬಂಡೆ, ಸುಳಿ ಎಲ್ಲ ಅದರ ಮೇಲೆ ಸೇರಿಕೊಳ್ಳುತ್ತವೆ. ಎಚ್ಚರಿಕೆ ಫಲಕ ದಾಟಿ ಇಳಿಯುವ ಈಜುಗಾರರಿಗೆ ಇದನ್ನು ಯಾರಾದರೂ ಹೇಳಲೇಬೇಕು.

ಹೆಜ್ಜೆ 9: ಕೊನೆಗೊಂದು ಒಗಟು

ಮೇಲುಕೋಟೆಯ ಕಲ್ಯಾಣಿಯಲ್ಲಿ ಒಂದು ತೆಪ್ಪ ತೇಲುತ್ತಿದೆ. ತೆಪ್ಪದಲ್ಲಿ ಒಂದು ಕಲ್ಲುಗುಂಡು ಇದೆ. ಅದನ್ನು ಎತ್ತಿ ಕಲ್ಯಾಣಿಗೆ ಹಾಕಿದರೆ ನೀರಿನ ಮಟ್ಟ ಏರುತ್ತದೆಯೇ, ಇಳಿಯುತ್ತದೆಯೇ, ಹಾಗೇ ಇರುತ್ತದೆಯೇ? ಮನೆಯವರನ್ನೆಲ್ಲ ಕೇಳಿ, ಉತ್ತರ ಬರೆಸಿಕೊಳ್ಳಿ. ಓದಿದವರೂ ಇಲ್ಲಿ ಎಡವುತ್ತಾರೆ.

ಕಲ್ಯಾಣಿಯಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. 30 ಸೆಂ.ಮೀ. ಅಗಲದ, ಗೋಡೆ ನೆಟ್ಟಗಿರುವ ದುಂಡು ಬೇಸಿನ್ ತೆಗೆದುಕೊಳ್ಳಿ. ಸ್ಟೀಲ್ ಡಬ್ಬಿ ತೇಲಿಬಿಟ್ಟು ಅದರೊಳಗೆ ಅರ್ಧ ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ, 540 ಗ್ರಾಂನಷ್ಟು ಕಲ್ಲು ಇಡಿ. ನೀರು ಅಲುಗಾಡುವುದು ನಿಂತ ಮೇಲೆ ಬೇಸಿನ್ನಿನ ಗೋಡೆಗೆ ಮಾರ್ಕರ್‌ನಿಂದ ಗೆರೆ ಹಾಕಿ. ಕಲ್ಲನ್ನು ತೆಗೆದು ಮೆಲ್ಲಗೆ ನೀರಿಗೆ ಬಿಡಿ, ನೀರು ಚಿಮ್ಮಬಾರದು. ಡಬ್ಬಿ ಅಲ್ಲೇ ತೇಲುತ್ತಿರಲಿ. ಈಗ ಗೆರೆ ನೋಡಿ.

ನೀರು ಗೆರೆಗಿಂತ ಸುಮಾರು ಅರ್ಧ ಸೆಂ.ಮೀ. ಕೆಳಗೆ ಹೋಗಿರುತ್ತದೆ. ಡಬ್ಬಿಯೊಳಗಿದ್ದಾಗ ಕಲ್ಲು ತನ್ನ ತೂಕದಷ್ಟು ನೀರನ್ನು, ಅಂದರೆ 540 ಮಿಲಿಲೀಟರ್ ಸರಿಸಿತ್ತು. ತಳಕ್ಕೆ ಹೋದ ಮೇಲೆ ತನ್ನ ಗಾತ್ರದಷ್ಟು ಮಾತ್ರ, 200 ಮಿಲಿಲೀಟರ್ ಸರಿಸುತ್ತದೆ. ನಡುವಿನ 340 ಮಿಲಿಲೀಟರ್ ಮಟ್ಟದಿಂದ ಇಳಿಯಿತು. ಕಲ್ಲಿನ ಬದಲು ಮರದ ತುಂಡು ಇಟ್ಟು ಅದನ್ನೂ ನೀರಿಗೆ ಬಿಟ್ಟು ನೋಡಿ. ಈ ಸಲ ಗೆರೆ ಅಲುಗುವುದಿಲ್ಲ. ಯಾಕೆ ಅನ್ನುವುದಕ್ಕೆ ಉತ್ತರ 2ನೇ ಹೆಜ್ಜೆಯ ತಕ್ಕಡಿಯಲ್ಲಿದೆ.